ಬೇಲಿ ಬದಿಯ ಆಂಟನಿ ಮನ್ಲಿ

ಬೆಳಕು ಹರಿಯುತ್ತಿದೆ. ಕಲ್ಲಿದ್ದಲು ಗಣಿಗಳ ಊರು ಸ್ಕ್ರ್ಯಾಂಟನ್ನಿನ ತೆಂಕಣ ಗುಡ್ಡದ ಹಳೇ ಸ್ಮಶಾನದಲ್ಲಿ ಹುಲ್ಲಿನ ಮೇಲೆ ಹಿಮ ಇನ್ನೂ ಬೆಳ್ಳಗೆ ಕೂತಿದೆ. ಆಸ್ಟಿನ್ ಪ್ಯಾಡನ್ ಎರಡು ಗೋರಿಕಲ್ಲುಗಳ ನಡುವೆ ನಿಂತು, ಎದೆಯೆತ್ತರದ ಕಬ್ಬಿಣದ ಸಲಾಕೆಯನ್ನು ನೆಲಕ್ಕೆ ಒತ್ತುತ್ತಿದ್ದಾರೆ. ಮೈಭಾರವನ್ನೆಲ್ಲ ಅದರ ಅಡ್ಡಹಿಡಿಯ ಮೇಲೆ ಹಾಕಿ, ಕಣ್ಣು ಮುಚ್ಚಿಕೊಂಡು, ಉಸಿರು ಬಿಗಿಹಿಡಿದು. ಸಲಾಕೆ ಗೇಣುದ್ದ ಇಳಿದು ನಿಲ್ಲುತ್ತದೆ. ಕಿತ್ತು, ಎರಡು ಹೆಜ್ಜೆ ಆಚೆ ಹೋಗಿ ಮತ್ತೆ ಒತ್ತುತ್ತಾರೆ. ಈ ಸಲ ಅದು ಸಲೀಸಾಗಿ ಒಳಗೆ ಹೋಗುತ್ತದೆ.

"ಇಲ್ಲೊಬ್ರು ಇದಾರೆ," ಎನ್ನುತ್ತಾರೆ, ಪಕ್ಕದ ಮನೆಯವರ ವಿಷಯ ಹೇಳುವಷ್ಟೇ ಸಾದಾ ದನಿಯಲ್ಲಿ. "ಮಣ್ಣು ಗಟ್ಟಿಯಾಗಿದ್ರೆ ಯಾರೂ ಇಲ್ಲ ಅಂತ. ಮೆತ್ತಗಿದ್ರೆ ಯಾವತ್ತೋ ಯಾರೋ ತೋಡಿದಾರೆ ಅಂತ. ಒಂದ್ಸಲ ತೋಡಿದ ಮಣ್ಣು ಮತ್ತೆ ಮೊದಲಿನ ಹಾಗೆ ಕೂರೋದೇ ಇಲ್ಲ, ನೂರು ವರ್ಷ ಆದ್ರೂ."

ನಾಳೆ ಡರ್ಕಿನ್ ಮನೆತನದ ಹಿರಿಯರೊಬ್ಬರನ್ನು ಅವರ ಅಪ್ಪ ಅಮ್ಮನ ಪಕ್ಕ ಮಲಗಿಸಬೇಕು. ಪಕ್ಕದಲ್ಲಿ ಜಾಗ ಇದೆಯೇ, ಅಥವಾ ಕಲ್ಲಿನಲ್ಲಿ ಹೆಸರೇ ಇಲ್ಲದ ಯಾವುದೋ ಕೂಸು ಆಗಲೇ ಅಲ್ಲಿ ಮಲಗಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ನಮ್ಮ ಊರಿನಲ್ಲಿ ಒಂದು ಕಲ್ಲಿನ ಕೆಳಗೆ ಕಲ್ಲು ಹೇಳುವಷ್ಟೇ ಜನ ಇರುವುದು ಅಪರೂಪ. ಕೆಲಸ ಹೋದಾಗ, ಮನೆಯಲ್ಲಿ ಕಾಯಿಲೆ ಬಂದಾಗ, ಹೆಸರು ಕೆತ್ತಿಸುವುದನ್ನು ಮುಂದಿನ ವರ್ಷಕ್ಕೆ ಹಾಕಿದರು. ಮುಂದಿನ ವರ್ಷವೂ ಹಾಗೇ ಹೋಯಿತು.

ಆಸ್ಟಿನ್ ಇಲ್ಲಿ ಗುಂಡಿ ತೋಡಲು ಬಂದಾಗ ಅವರಿಗೆ ಇಪ್ಪತ್ತರ ಹರೆಯ. ಈಗ ಎಪ್ಪತ್ತರ ಹತ್ತಿರ. ಹುಲ್ಲು ಕತ್ತರಿಸುವುದು, ಬಿದ್ದ ಕಲ್ಲು ಎತ್ತಿ ನಿಲ್ಲಿಸುವುದು, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೆಲಕ್ಕೆ ಪಿಕಾಸಿ ಹಾಕುವುದು, ಸಂಸ್ಕಾರ ಮುಗಿಯುವವರೆಗೆ ಮೇಪಲ್ ಮರದ ಹಿಂದೆ ಟೋಪಿ ಕೈಯಲ್ಲಿ ಹಿಡಿದು ನಿಲ್ಲುವುದು, ಎಲ್ಲರೂ ಹೋದಮೇಲೆ ಮಣ್ಣು ಮುಚ್ಚುವುದು. ಸಂಬಳ ಚರ್ಚಿನದು, ಇದ್ದೂ ಇಲ್ಲದ ಹಾಗೆ. ನಿಮ್ಮ ಬಗ್ಗೆ ಪತ್ರಿಕೆಯ ಪುರವಣಿಯಲ್ಲಿ ಬರೆಯುತ್ತೇನೆ ಎಂದಾಗ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾಕೆ, ಬೇರೆ ಯಾರೂ ಸಿಗ್ಲಿಲ್ವಾ?" ಎಂದರು. "ನಾನು ತೋಡ್ತೀನಿ, ಮುಚ್ತೀನಿ. ಬರೆಯೋ ಹಾಗಿದ್ರೆ ಮಧ್ಯದಲ್ಲಿ ಇರೋರ ಬಗ್ಗೆ ಬರಿ."

ಅವರ ಅಪ್ಪ ಕಲ್ಲಿದ್ದಲು ಗಣಿಯಲ್ಲಿ ತೋಡಿದವರು. ಗಣಿ ಮುಚ್ಚಿದ ಮೇಲೆ ಹತ್ತು ವರ್ಷ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತು ಕೆಮ್ಮಿದರು. ಅವರು ತೀರಿಕೊಂಡಾಗ ಆ ಗುಂಡಿಯನ್ನೂ ಆಸ್ಟಿನ್ನೇ ತೋಡಿದ್ದು. ಬೇರೆಯವರನ್ನು ಕರೆಸೋಣ ಎಂದು ಆಗಿನ ಪಾದ್ರಿ ಹೇಳಿದರಂತೆ. "ಬೇಡ ಅಂದೆ. ಅಪ್ಪ ಬಹಳ ಕಟ್ಟುನಿಟ್ಟು. ಮೂಲೆ ಸರಿಯಾಗಿ ಬಂದಿಲ್ಲ ಅಂದ್ರೆ ಎದ್ದು ಬಂದು ಬೈಯೋನು." ಇಷ್ಟು ಹೇಳಿ ಅವರು ಥರ್ಮಾಸಿನಿಂದ ಕಾಫಿ ಸುರಿದುಕೊಳ್ಳುತ್ತಾರೆ.

ಇನ್ನೊಂದು ಕೆಲಸವೂ ಅವರ ತಲೆಗೆ ಕಟ್ಟಿದೆ. ಅದಕ್ಕೆ ಸಂಬಳವೂ ಇಲ್ಲ, ಹೆಸರೂ ಇಲ್ಲ. ಬೇಸಿಗೆ ಬಂತೆಂದರೆ ಒಹಾಯೋದಿಂದ, ಟೆಕ್ಸಾಸಿನಿಂದ, ಎಲ್ಲೆಲ್ಲಿಂದಲೋ ಕಾರುಗಳು ಬರುತ್ತವೆ. ಒಳಗಿಂದ ಟೋಪಿ, ಕಪ್ಪು ಕನ್ನಡಕದ ಗಂಡಹೆಂಡತಿ ಇಳಿಯುತ್ತಾರೆ. ಅಜ್ಜನ ಅಜ್ಜ ಐರ್ಲೆಂಡಿನ ಮೇಯೋ ಜಿಲ್ಲೆಯಿಂದ ಬಂದವನು, ಇಲ್ಲಿ ಗಣಿಯಲ್ಲಿದ್ದ, ಹೆಸರು ಜಾನ್ ಬ್ಯಾರೆಟ್, ಗೋರಿ ತೋರಿಸಿ ಎನ್ನುತ್ತಾರೆ. ಆಸ್ಟಿನ್ ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸುತ್ತಾರೆ.

"ಯಾವ ಜಾನ್ ಬ್ಯಾರೆಟ್ ಅಂತ ಕೇಳ್ತೀನಿ. ಅವರು ಮುಖ ಮುಖ ನೋಡ್ಕೋತಾರೆ. ಈ ಸಾಲಲ್ಲಿ ನಾಲ್ಕು ಜನ ಇದಾರೆ ಸ್ವಾಮಿ, ಆ ಕಡೆ ಇನ್ನಷ್ಟು ಜನ. ನಿಮ್ಮೋನ ಅಪ್ಪನ ಹೆಸರೇನು, ಹಿರಿಮಗನ ಹೆಸರೇನು? ಗೊತ್ತಿರಲ್ಲ. ವಂಶ ಪರೀಕ್ಷೆಗೆ ಅಂತ ಎಂಜಲು ಡಬ್ಬೀಲಿ ಹಾಕಿ ಕಳಿಸಿದ್ವಿ, ನಾವು ಪಕ್ಕಾ ಐರಿಶ್ ಅಂತ ಬಂತು ಅಂತಾರೆ. ಒಳ್ಳೇದಾಯ್ತು ಬಿಡಿ ಅಂತೀನಿ. ಒಬ್ಬ ಮಹಾರಾಯ ಸಿಟ್ಟು ಮಾಡ್ಕೊಂಡು, ನಿನಗೇನೂ ಗೊತ್ತಿಲ್ಲ ಅಂತ ಹೇಳಿ, ಸೋಡಾ ಡಬ್ಬಿ ಕಲ್ಲಿನ ಮೇಲೇ ಇಟ್ಟು ಹೋದ."

ತಪ್ಪು ಬಂದವರದೂ ಅಲ್ಲ. ಮೇಯೋದಿಂದ ಬಂದ ನಮ್ಮ ಜನ ಹೆಸರಿಡುವ ರೀತಿಯೇ ಹಾಗೆ. ಹಿರಿಮಗನಿಗೆ ಅಪ್ಪನ ಅಪ್ಪನ ಹೆಸರು. ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು. ಯಾರಿಗೂ ಬೇರೆ ಹೆಸರು ಹೊಳೆಯುವುದಿಲ್ಲ, ಹೊಳೆದರೂ ಇಡುವ ಧೈರ್ಯ ಇಲ್ಲ. ಒಬ್ಬ ಮುದುಕನಿಗೆ ಐದು ಜನ ಗಂಡುಮಕ್ಕಳಿದ್ದರೆ, ಐವರೂ ತಮ್ಮ ತಮ್ಮ ಹಿರಿಮಗನಿಗೆ ಆ ಮುದುಕನ ಹೆಸರನ್ನೇ ಇಡುತ್ತಾರೆ. ಒಂದೇ ಬೀದಿಯಲ್ಲಿ ಒಂದೇ ಹೆಸರಿನ ಐದು ಹುಡುಗರು. ಅದಕ್ಕೇ ಹಿಂದಿನವರು ಅಪ್ಪನ ಹೆಸರನ್ನು ಬಾಲಂಗೋಚಿಯಾಗಿ ಸೇರಿಸಿ ಕರೆಯುತ್ತಿದ್ದರು. ನಮ್ಮಜ್ಜನೂ ಇಲ್ಲೇ ಮಲಗಿದ್ದಾನೆ. ಬದುಕಿರುವಷ್ಟು ದಿನ ಅಪ್ಪನ ಹೆಸರು ಸೇರಿಸದೆ ಅವನನ್ನು ಕರೆದವರನ್ನು ನಾನು ಕಂಡಿಲ್ಲ. ಆದರೆ ಕಲ್ಲು ಕೆತ್ತಿಸುವಾಗ ಆ ಬಾಲ ಬಿಟ್ಟುಹೋಗುತ್ತದೆ. ಮರ್ಯಾದೆಯ ಹೆಸರು ಮಾತ್ರ ಉಳಿಯುತ್ತದೆ.

ಮಿಸ್ ವಿನಿಫ್ರೆಡ್ ಮನ್ಲಿಯವರಿಗೆ ಆದದ್ದು ಇದೇ.

ನಮ್ಮ ಕಡೆಯವರಿಗೆಲ್ಲ ಮಿಸ್ ಮನ್ಲಿ ಗೊತ್ತು. ಲೇಸ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಲೇ ಇಬ್ಬರು ತಮ್ಮಂದಿರನ್ನು ಓದಿಸಿದರು, ಮದುವೆಯಾಗಲಿಲ್ಲ, ಭಾನುವಾರಗಳಲ್ಲಿ ಚರ್ಚಿನ ಮಕ್ಕಳಿಗೆ ಜಪ ಹೇಳಿಕೊಟ್ಟರು. ಆಸ್ಟಿನ್ ಕೂಡ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ. ಎಂಬತ್ತು ದಾಟಿ ಬಹಳ ಕಾಲವಾದರೂ ಇವತ್ತಿಗೂ ಭಾನುವಾರದ ಪೂಜೆ ಮುಗಿಸಿ ಗುಡ್ಡ ಹತ್ತುತ್ತಾರೆ. ಮೇಲಿನ ಸಾಲಿನಲ್ಲಿ, ದೇವದಾರು ಮರದ ಪಕ್ಕ, ಒಂದು ಬೂದು ಕಲ್ಲಿದೆ. ಮೇಯೋ ಜಿಲ್ಲೆಯ ಆಂಟನಿ ಮನ್ಲಿ ಎಂದು ಅದರಲ್ಲಿ ಕೆತ್ತಿದೆ. ಆರು ವರ್ಷದ ಹುಡುಗಿಯಾಗಿದ್ದಾಗ ಅಪ್ಪ ಕೈಹಿಡಿದು ಅಲ್ಲಿಗೆ ಕರೆದುಕೊಂಡು ಹೋಗಿ, "ಇವನೇ ನಿನ್ನ ಮುತ್ತಜ್ಜ, ಹಡಗಿನಲ್ಲಿ ಬಂದವನು," ಎಂದು ತೋರಿಸಿದ್ದರಂತೆ. ಅಂದಿನಿಂದ ಈ ಕಲ್ಲಿಗೆ ಅವರದೇ ಹೂವು, ಅವರದೇ ಜಪ.

ಎರಡು ವರ್ಷದ ಹಿಂದೆ ಕೊನೆಯ ತಮ್ಮನೂ ಹೋದ. ಅವನ ಹೆಂಡತಿಯ ಮನೆಯವರು ತಮ್ಮ ಕಡೆಯ ಜಾಗದಲ್ಲಿ ಅವನನ್ನು ಮಲಗಿಸಿದರು. ಮಿಸ್ ಮನ್ಲಿ ಆವತ್ತೇ ಆಸ್ಟಿನ್ ಹತ್ತಿರ ಬಂದು ಹೇಳಿದರು: "ನನ್ನನ್ನ ಮುತ್ತಜ್ಜನ ಹತ್ರ ಹಾಕು ಕಣೋ. ಅಪ್ಪ ಅಮ್ಮನ ಪಕ್ಕ ಜಾಗ ಉಳಿದಿಲ್ಲ, ನನ್ನೋರು ಅಂತ ಇನ್ನು ಇರೋದು ಅವನೊಬ್ನೇ."

ಹಳೇ ಜಾಗದಲ್ಲಿ ಮಲಗಬೇಕೆಂದರೆ ಆ ಜಾಗ ಕೊಂಡವನ ವಂಶದವರು ಎಂದು ತೋರಿಸಬೇಕು, ಅದು ಸ್ಮಶಾನದ ಕಚೇರಿಯ ನಿಯಮ. ಮಿಸ್ ಮನ್ಲಿ ಅದಕ್ಕೆ ಅರ್ಜಿ ಹಾಕಿದರು. ಜೊತೆಗೆ, ಕಲ್ಲು ವಾಲಿದೆ, ನಾನು ಹೋಗುವ ಮೊದಲು ಅದನ್ನು ನೆಟ್ಟಗೆ ನಿಲ್ಲಿಸು ಎಂದು ಆಸ್ಟಿನ್‌ಗೆ ಹೇಳಿದರು. ನಮ್ಮ ಊರಿನ ಕೆಳಗೆಲ್ಲ ಗಣಿಯ ಪೊಳ್ಳು. ನೆಲ ಅಲ್ಲಲ್ಲಿ ಕುಸಿಯುತ್ತದೆ, ಕಲ್ಲುಗಳು ಸದ್ದಿಲ್ಲದೆ ಹೂತುಹೋಗುತ್ತವೆ. ಈ ಕಲ್ಲು ಮಿಸ್ ಮನ್ಲಿಯವರ ಅಪ್ಪ ನೋಡುವ ಕಾಲಕ್ಕೇ ಅರ್ಧ ಹೂತಿತ್ತು.

ಕಳೆದ ಏಪ್ರಿಲಿನಲ್ಲಿ ಆಸ್ಟಿನ್ ಸುತ್ತ ಅಗೆದು, ಮೂರು ಕಾಲಿನ ಕಂಬ ನಿಲ್ಲಿಸಿ, ಸರಪಳಿ ಕಟ್ಟಿ ಅದನ್ನು ಎತ್ತಿದರು. ಕೆಳಭಾಗಕ್ಕೆ ಮೆತ್ತಿದ್ದ ಮಣ್ಣನ್ನು ಒದ್ದೆ ಬ್ರಶ್ಶಿನಿಂದ ಉಜ್ಜಿದರು. ಇನ್ನೂ ಎರಡು ಸಾಲು ಕಾಣಿಸಿದವು. ಅವನ ಹೆಂಡತಿ ಆನರ್. ಅವರ ಹಿರಿಮಗ ಪ್ಯಾಟ್ರಿಕ್.

"ನಾನು ಅಲ್ಲೇ ಕೂತ್ಬಿಟ್ಟೆ," ಎನ್ನುತ್ತಾರೆ ಆಸ್ಟಿನ್. "ಮಿಸ್ ಮನ್ಲಿ ಮುತ್ತಜ್ಜಿ ಹೆಸರು ಸಬೀನಾ. ಮಿಸ್ ಮನ್ಲಿ ತಮ್ಮೋರ ಹೆಸರೆಲ್ಲ ಹೇಳಿ ಗಟ್ಟಿಯಾಗಿ ಜಪ ಮಾಡೋರು, ಹುಲ್ಲು ಕತ್ತರಿಸ್ತಾ ಕೇಳಿ ಕೇಳಿ ನನಗೂ ಬಾಯಿಪಾಠ. ಅವರಜ್ಜ ಮೈಲ್ಸ್, ಅವನೇ ಆಂಟನಿಯ ಹಿರಿಮಗ. ಹಿರಿಮಗ ಮೈಲ್ಸ್ ಅಂದ್ರೆ ಆಂಟನಿ ಅಪ್ಪನೂ ಮೈಲ್ಸ್. ಈ ಕಲ್ಲಿನೋನ ಹಿರಿಮಗ ಪ್ಯಾಟ್ರಿಕ್. ಅಂದ್ರೆ ಇವನಪ್ಪ ಪ್ಯಾಟ್ರಿಕ್. ಇವನು ಬೇರೆ ಆಂಟನಿ."

ಎಲ್ಲ ಸೇರಿಸಿ ನೋಡಿದರೆ ಹೀಗಿರಬೇಕು. ಮೇಯೋದಲ್ಲಿ ಮೈಲ್ಸ್ ಮತ್ತು ಪ್ಯಾಟ್ರಿಕ್ ಎಂಬ ಇಬ್ಬರು ಅಣ್ಣತಮ್ಮಂದಿರು. ಇಬ್ಬರೂ ತಮ್ಮ ಹಿರಿಮಗನಿಗೆ ತಮ್ಮಪ್ಪನ ಹೆಸರು, ಆಂಟನಿ, ಎಂದೇ ಇಟ್ಟರು. ಐರ್ಲೆಂಡಿನ ದೊಡ್ಡ ಬರಗಾಲ ಕಳೆದ ಮೇಲೆ ಆ ಇಬ್ಬರು ಆಂಟನಿಗಳೂ ಹಡಗು ಹತ್ತಿ ಇದೇ ಊರಿಗೆ, ಇದೇ ಗಣಿಗೆ ಬಂದರು. ಒಬ್ಬನಿಗೆ ಕಲ್ಲು ಹಾಕಿಸುವಷ್ಟು ಶಕ್ತಿ ಇತ್ತು. ಆದರೆ ಅವನ ಮಕ್ಕಳು ತಾಮ್ರದ ಗಣಿ ಹುಡುಕಿಕೊಂಡು ಮೊಂಟಾನಾ ಕಡೆಗೆ ಹೋಗಿಬಿಟ್ಟರು, ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಇನ್ನೊಬ್ಬನಿಗೆ ಕಲ್ಲಿಲ್ಲ. ಅವನ ಮಗ ಮೈಲ್ಸ್ ಗಣಿಯ ಚಾವಣಿ ಬಿದ್ದು ಸತ್ತ. ಮೈಲ್ಸನ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ನ್ಯೂಜೆರ್ಸಿಯ ರೇಷ್ಮೆ ಗಿರಣಿಗೆ ಹೋದಳು, ಮತ್ತೆ ಈ ಊರಿಗೆ ಕಾಲಿಡಲಿಲ್ಲ. ಅವಳ ಮಗ, ಅಂದರೆ ಮಿಸ್ ಮನ್ಲಿಯವರ ಅಪ್ಪ, ಪ್ರಾಯಕ್ಕೆ ಬಂದು ಇಲ್ಲಿಗೆ ವಾಪಸಾದಾಗ, ತಾತನ ಗೋರಿ ಯಾವುದು ಎಂದು ಕೇಳಿದ. ಯಾರೋ ಈ ಕಲ್ಲು ತೋರಿಸಿದರು. ಹೆಸರು ಸರಿ, ಜಿಲ್ಲೆ ಸರಿ. ಆ ಹುಡುಗ ಟೋಪಿ ತೆಗೆದು ಮಂಡಿಯೂರಿದ.

ಆಸ್ಟಿನ್ ಆವತ್ತು ಕಲ್ಲನ್ನು ನೆಟ್ಟಗೆ ನಿಲ್ಲಿಸಲಿಲ್ಲ. ಮುಖ ಕೆಳಗೆ ಮಾಡಿ ಹಲಗೆಯ ಮೇಲೆ ಮಲಗಿಸಿ, ಟಾರ್ಪಾಲು ಹೊದಿಸಿ ಮನೆಗೆ ಹೋದರು. ಹೆಂಡತಿ ಸಿಸೀಲಿಯಾ ಆಲೂಗಡ್ಡೆ ಸುಲಿಯುತ್ತಿದ್ದರು. ವಿಷಯ ಕೇಳಿ ಚಾಕು ಕೆಳಗಿಟ್ಟರು.

"ಬಾಯಿ ಮುಚ್ಕೊಂಡಿರು," ಎಂದರಂತೆ. "ನೀನು ಗುಂಡಿ ತೋಡೋನು, ಪಾದ್ರಿ ಅಲ್ಲ. ಆ ಮುದುಕಿ ಇನ್ನೆಷ್ಟು ದಿನ ಇರುತ್ತೆ? ಅದೇ ಕಲ್ಲು ಅಂದ್ಕೊಂಡೇ ಕಣ್ಮುಚ್ಲಿ. ಆ ಎರಡು ಸಾಲಿಗೆ ಮಣ್ಣು ಮುಚ್ಚಿಬಿಡು."

"ಮುಚ್ಚಬಹುದಾಗಿತ್ತು," ಎನ್ನುತ್ತಾರೆ ಆಸ್ಟಿನ್. "ಮೊದಲಿನ ಹಾಗೇ ಕೆಳಗೆ ಇಳಿಸಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಮುಚ್ಚೋದೇ ನನ್ನ ಕೆಲಸ ತಾನೇ. ಆದ್ರೆ ಅವರು ಕೇಳಿದ್ದು ಏನು? ನನ್ನೋರ ಹತ್ರ ಹಾಕು ಅಂತ. ಬೇರೆಯೋರ ಹತ್ರ ಹಾಕಿ ಮಣ್ಣು ಎಳೆದ್ರೆ, ಆಮೇಲೆ ದಿನಾ ಆ ಕಲ್ಲಿನ ಮುಂದೆ ಹುಲ್ಲು ಕತ್ತರಿಸೋನು ನಾನು."

ಎರಡು ಭಾನುವಾರ ಏನೋ ನೆಪ ಹೇಳಿ ದಾಟಿಸಿದರು. ಸಿಮೆಂಟು ಬಂದಿಲ್ಲ, ನೆಲ ಒದ್ದೆ ಇದೆ. ಮೂರನೆಯ ಭಾನುವಾರ ಮಿಸ್ ಮನ್ಲಿ ಟಾರ್ಪಾಲಿನ ಮುಂದೆ ನಿಂತು, "ಏನೋ ಮುಚ್ಚಿಡ್ತಿದೀಯ ನೀನು," ಎಂದರು. ಆಸ್ಟಿನ್ ಟಾರ್ಪಾಲು ಸರಿಸಿ, ಸರಪಳಿ ಎಳೆದು, ಕಲ್ಲನ್ನು ಮೇಲಕ್ಕೆ ತಿರುಗಿಸಿದರು. ಮಿಸ್ ಮನ್ಲಿ ಕನ್ನಡಕ ಹಾಕಿಕೊಂಡು ಓದಿದರು. ಇನ್ನೊಂದು ಸಲ ಓದಿದರು.

"ಆನರ್ ಅಂದ್ರೆ ಯಾರು?" ಎಂದು ಕೇಳಿದರಂತೆ.

ಆಸ್ಟಿನ್ ತಮಗೆ ಗೊತ್ತಿದ್ದಷ್ಟು ಹೇಳಿದರು. ಮಿಸ್ ಮನ್ಲಿ ಅಳಲಿಲ್ಲ. "ನಮ್ಮಪ್ಪ ಸುಳ್ಳು ಹೇಳೋನಲ್ಲ," ಎಂದರು. "ಸುಳ್ಳಲ್ಲ ಮಿಸ್ ಮನ್ಲಿ, ಅವರಿಗೂ ಯಾರೋ ಹಾಗೇ ತೋರಿಸಿದ್ದು," ಎಂದರು ಆಸ್ಟಿನ್. "ನಿನ್ನನ್ನ ಯಾರು ಕೇಳಿದ್ರು ಉಜ್ಜು ಅಂತ? ನೆಟ್ಟಗೆ ಮಾಡು ಅಂದೆ, ಅಷ್ಟೇ ಮಾಡೋಕೆ ಬರಲ್ವಾ ನಿನಗೆ?" ಎಂದವರು ತಂದಿದ್ದ ಹೂವನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು ಇಳಿದು ಹೋದರು. ಆಮೇಲೆ ಚರ್ಚಿನಲ್ಲಿ ಆಸ್ಟಿನ್ ಕಂಡರೆ ಮುಖ ತಿರುಗಿಸಿದರು. ಬೇಸಿಗೆ ಪೂರ್ತಿ ಹಾಗೇ ಹೋಯಿತು. ಸಿಸೀಲಿಯಾ ನಾನು ಹೇಳಿರಲಿಲ್ಲವೇ ಎಂದು ಒಂದೇ ಸಲ ಹೇಳಿ ಬಿಟ್ಟರಂತೆ. ಆದರೆ ಆ ಒಂದು ಸಲ ಸಾಲದೇ?

ಆ ಬೇಸಿಗೆಯ ಬಗ್ಗೆ ಕೇಳಲು ನಾನು ಮಿಸ್ ಮನ್ಲಿಯವರ ಮನೆಗೂ ಹೋಗಿದ್ದೆ. ಅವರು ಚಹಾ ಬಸಿದು, ಸೋಡಾ ಬ್ರೆಡ್ಡಿಗೆ ಬೆಣ್ಣೆ ದಪ್ಪಗೆ ಹಚ್ಚಿ ನನ್ನ ಮುಂದಿಟ್ಟರು. "ಎಂಬತ್ತು ವರ್ಷ ಹತ್ರ ಹತ್ರ ಆಯ್ತು ನೋಡು," ಎಂದರು. "ಬೇರೆಯೋರ ಮನೆ ಬಾಗಿಲು ಗುಡಿಸಿದ್ದೇ ಗುಡಿಸಿದ್ದು. ನಮ್ಮನೆ ಬಾಗಿಲಲ್ಲಿ ಕಸ ಮೊಣಕಾಲುದ್ದ ಬೆಳೆದಿದೆ, ನನಗೆ ಗೊತ್ತೇ ಇಲ್ಲ. ಅದನ್ನ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಆಸ್ಟಿನ್ ಮೇಲೆ ಯಾಕೆ ಸಿಟ್ಟು ಮಾಡ್ಕೊಂಡೆ ಅಂತೀಯಾ? ಬೇರೆ ಯಾರ ಮೇಲೆ ಮಾಡ್ಕೊಳ್ಳಲಿ, ಎಲ್ರೂ ಸತ್ತಿದಾರಲ್ಲ."

ವಂಶ ಬೇರೆ ಎಂದು ಅರ್ಜಿ ಕಚೇರಿಯಿಂದ ವಾಪಸು ಬಂತು. ಅಲ್ಲಿ ಕೂತವರು ತಪ್ಪೇನೂ ಮಾಡಲಿಲ್ಲ. ಮೊಂಟಾನಾದ ಬ್ಯೂಟ್ ಊರಿನಲ್ಲಿ ಆ ಕಲ್ಲಿನ ಆಂಟನಿಯ ಮರಿಮಗನನ್ನು ಹುಡುಕಿ, ನಂಬರನ್ನೂ ಕಳಿಸಿದರು. ಹೆಸರು ಕ್ಲೆಮೆಂಟ್ ಮನ್ಲಿ, ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಅವನು ಒಪ್ಪಿ ರುಜು ಹಾಕಿದರೆ ಮಿಸ್ ಮನ್ಲಿ ಅಲ್ಲಿ ಮಲಗಬಹುದು. ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ಮಿಸ್ ಮನ್ಲಿ ಅವನಿಗೆ ಫೋನು ಮಾಡಿದರು.

"ನಾನು ಮೊದಲು ಕ್ಷಮೆ ಕೇಳಿದೆ," ಎಂದು ಮಿಸ್ ಮನ್ಲಿ ಹೇಳಿದರು. "ನಿಮ್ಮ ಮುತ್ತಜ್ಜನಿಗೆ ನಮ್ಮ ಮುತ್ತಜ್ಜ ಅಂತ ಜಪ ಮಾಡ್ಬಿಟ್ಟೆ ಅಂತ. ಅವನಂದ, 'ಅಮ್ಮಾ, ನಮ್ಮ ಕಡೆಯೋರು ಯಾರೂ ಅಲ್ಲಿಗೊಂದು ಹೂವು ಇಟ್ಟಿಲ್ಲ. ಅವನ ಗೋರಿ ಎಲ್ಲಿದೆ ಅಂತಾನೇ ನನಗೆ ಗೊತ್ತಿರ್ಲಿಲ್ಲ. ನೀವು ಅಲ್ಲಿ ಮಲಗದೆ ಇನ್ಯಾರು ಮಲಗ್ಬೇಕು? ಧಾರಾಳವಾಗಿ ಬನ್ನಿ, ನಾನು ರುಜು ಹಾಕ್ತೀನಿ.' ಒಳ್ಳೇ ಮನುಷ್ಯ. ಫೋನ್ ಇಟ್ಟ ಮೇಲೆ ಅತ್ತೆ ನಾನು."

ಅಲ್ಲಿಗೆ ಮುಗಿಯಬಹುದಿತ್ತು. ಒಪ್ಪಿಗೆ ಪತ್ರ ಬಂತು, ಕಲ್ಲು ನೆಟ್ಟಗೆ ನಿಂತಿತು. ಆದರೆ ಮಿಸ್ ಮನ್ಲಿ ಒಂದು ಶನಿವಾರ ಗುಡ್ಡ ಹತ್ತಿ ಬಂದು, ಏಪ್ರಿಲಿನ ನಂತರ ಮೊದಲ ಸಲ ಆಸ್ಟಿನ್ ಜೊತೆ ಮಾತಾಡಿದರು. ಅವರು ಕೇಳಿದ್ದು ಒಂದೇ: "ಹಾಗಾದ್ರೆ ನಮ್ಮೋನು ಎಲ್ಲಿದಾನೆ?"

ಆಸ್ಟಿನ್‌ಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದರು. ನೆನಪಿರುವುದೇನಾದರೂ ಹೇಳಿ, ಅಪ್ಪ ಹೇಳಿದ್ದು, ಅತ್ತೆ ಹೇಳಿದ್ದು, ಏನಾದರೂ ಎಂದರು. ಇಬ್ಬರೂ ಆಸ್ಟಿನ್‌ನ ಟ್ರಕ್ಕಿನೊಳಗೆ ಕೂತರು, ಹೊರಗೆ ಗಾಳಿ ಬೀಸುತ್ತಿತ್ತು. ಮಿಸ್ ಮನ್ಲಿ ಒಂದೊಂದೇ ಹೇಳುತ್ತಾ ಹೋದರು. ಹೆಚ್ಚಿನದು ಪ್ರಯೋಜನಕ್ಕೆ ಬರುವಂಥದಲ್ಲ. ಕೊನೆಗೆ, ಚಿಕ್ಕಂದಿನಲ್ಲಿ ರಜೆಗೆ ಹೋದಾಗ ನ್ಯೂಜೆರ್ಸಿಯ ಅಜ್ಜಿ ಹೇಳುತ್ತಿದ್ದ ಒಂದು ಮಾತು ಬಂತು. ಮೈಲ್ಸನನ್ನು ಅವನಪ್ಪನ ಪಕ್ಕ ಇಳಿಸುವಾಗ ಪಾದ್ರಿಯ ಬಿಳಿ ಅಂಗಿಯ ಮೇಲೆಲ್ಲ ಕಲ್ಲಿದ್ದಲ ಪುಡಿ ಉದುರಿತ್ತಂತೆ. ಅವರು ಅದನ್ನು ಕೊಡವಿಕೊಳ್ಳುತ್ತಲೇ ಪ್ರಾರ್ಥನೆ ಮುಗಿಸಿದರಂತೆ. ಅಜ್ಜಿಗೆ ಅದೊಂದು ಸಿಟ್ಟು ಸಾಯುವವರೆಗೂ ಇತ್ತು.

"ಅದು ಅಜ್ಜಿ ಕಟ್ಟಿದ ಕಥೆ ಅಂದ್ಕೊಂಡಿದ್ವಿ," ಎಂದರು ಮಿಸ್ ಮನ್ಲಿ. "ಮೇಲಿನ ಸಾಲಿಗೆ ಪುಡಿ ಎಲ್ಲಿಂದ ಬರಬೇಕು?"

ಆಸ್ಟಿನ್ ಗಾಜಿನಾಚೆ ಕೆಳಗೆ ನೋಡಿದರು. ಸ್ಮಶಾನದ ಕೆಳ ಅಂಚಿನಲ್ಲಿ ತುಕ್ಕು ಹಿಡಿದ ತಂತಿಬೇಲಿ. ಬೇಲಿಯ ಆಚೆ ಕಲ್ಲಿದ್ದಲು ಒಡೆಯುವ ಕಾರ್ಖಾನೆ ಇದ್ದ ಜಾಗ. ಕಾರ್ಖಾನೆ ಕೆಡವಿ ಎಷ್ಟೋ ಕಾಲವಾದರೂ ಅದರ ಕಪ್ಪು ಕಸದ ದಿಬ್ಬ ಇನ್ನೂ ನಿಂತಿದೆ. ಬೇಲಿಯ ಈಚೆಗೆ ಕಲ್ಲುಗಳಿಲ್ಲದ ಇಳಿಜಾರು. ಜಾಗ ಕೊಳ್ಳಲಾಗದವರನ್ನು ಚರ್ಚು ಅಲ್ಲೇ ಮಲಗಿಸುತ್ತಿತ್ತು ಎಂದು ಎಲ್ಲರಿಗೂ ಗೊತ್ತು. ಅಲ್ಲಿ ಮುಳ್ಳುಪೊದೆ ಬೆಳೆದು ಯಾರೂ ಹೋಗುತ್ತಿರಲಿಲ್ಲ. "ಹುಲ್ಲು ಕತ್ತರಿಸೋಕೂ ನಾನು ಅಲ್ಲಿಗೆ ಇಳೀತಿರ್ಲಿಲ್ಲ," ಎನ್ನುತ್ತಾರೆ ಆಸ್ಟಿನ್. "ಯಂತ್ರ ಜಾರುತ್ತೆ ಅಂತ ಒಂದು ನೆಪ."

ಆಮೇಲಿನ ದಿನಗಳಲ್ಲಿ ಅವರು ತಮ್ಮ ಕೆಲಸ ಮುಗಿದ ಮೇಲೆ ಪೊದೆ ಕಡಿದರು. ಕೈತುಂಬ ಮುಳ್ಳು. ಸಿಸೀಲಿಯಾ ಬೈಯುತ್ತಲೇ ಚಿಮಟದಲ್ಲಿ ಕಿತ್ತರು. ನೆಲ ಕಂಡಮೇಲೆ ಸಲಾಕೆ ಹಿಡಿದು ಬೇಲಿಯುದ್ದಕ್ಕೂ ಒತ್ತುತ್ತಾ ಹೋದರು. ಎಲ್ಲ ಕಡೆಯೂ ಮೆತ್ತಗಿತ್ತು. ಅಷ್ಟೊಂದು ಜನ ಅಲ್ಲಿದ್ದಾರೆಂದು ಅವರು ಎಣಿಸಿರಲಿಲ್ಲ. ಕೆಲವು ಕಡೆ ಒಬ್ಬರ ಮೇಲೊಬ್ಬರು. ಪುಟ್ಟ ಪುಟ್ಟ ಗುಂಡಿಗಳು ಬಹಳ, ಮಕ್ಕಳವು. ಆ ಸಂಜೆ ಮನೆಗೆ ಬಂದು ಊಟ ಬೇಡ ಎಂದು ಮಲಗಿಬಿಟ್ಟರಂತೆ.

"ನನಗೆ ಸುಸ್ತಾಗಿತ್ತು," ಎನ್ನುತ್ತಾರೆ. "ಬಹಳ ಸುಸ್ತಾಗಿತ್ತು. ಇಷ್ಟು ವರ್ಷ ಮೇಲಿನ ಸಾಲಿನ ಹುಲ್ಲು ಬಾಚಿ ಬಾಚಿ ಚೆಂದ ಮಾಡಿದೀನಿ. ಕೆಳಗೆ ಇವರು."

ಮಿಸ್ ಮನ್ಲಿಯನ್ನು ಅವರು ಆ ಇಳಿಜಾರಿಗೆ ಕರೆದುಕೊಂಡು ಬಂದ ದಿನ ನಾನೂ ಜೊತೆಗಿದ್ದೆ. ಹೋದ ವಾರದ ಮಾತು. ಮಿಸ್ ಮನ್ಲಿ ಪೂಜೆಗೆ ಹಾಕುವ ಕಡುನೀಲಿ ಕೋಟು ಹಾಕಿಕೊಂಡಿದ್ದರು. ಆಸ್ಟಿನ್ ಒಂದು ಕೈ, ನಾನು ಒಂದು ಕೈ ಹಿಡಿದು ಇಳಿಸಿದೆವು. "ನಿಧಾನ ಕಣ್ರೋ, ಈಗಲೇ ಹಾಕಿಬಿಡ್ತೀರೇನು," ಎಂದು ಗೊಣಗುತ್ತಲೇ ಬಂದರು. ಬೇಲಿ ಹತ್ತಿರ ನಿಂತು ಸುತ್ತ ನೋಡಿದರು. ನೋಡಲು ಅಲ್ಲಿ ಏನೂ ಇರಲಿಲ್ಲ. ಕಡಿದ ಪೊದೆಯ ಬೊಡ್ಡೆಗಳು, ಒದ್ದೆ ಮಣ್ಣು, ಬೇಲಿಯಾಚೆ ಕಪ್ಪು ದಿಬ್ಬ.

"ಇದರಲ್ಲಿ ನಮ್ಮ ಮುತ್ತಜ್ಜ ಯಾರು?" ಎಂದು ಕೇಳಿದರು.

"ಗೊತ್ತಿಲ್ಲ ಮಿಸ್ ಮನ್ಲಿ," ಎಂದರು ಆಸ್ಟಿನ್. "ಈ ಇಳಿಜಾರಲ್ಲೇ ಎಲ್ಲೋ ಇದಾರೆ ಅಂತ ಅನಿಸುತ್ತೆ. ಅದಕ್ಕಿಂತ ಹೆಚ್ಚು ಹೇಳೋಕೆ ನನ್ನ ಕೈಲಾಗಲ್ಲ. ಸಲಾಕೆ ಹೆಸರು ಹೇಳಲ್ಲ."

"ನಿನಗೆ ಅನಿಸುತ್ತೆ."

"ಅನಿಸುತ್ತೆ."

ಮಿಸ್ ಮನ್ಲಿ ಜಪಸರ ತೆಗೆದು ಒಂದು ನಮೋ ಮರಿಯಾ ಹೇಳಿದರು. ಹೇಳಿ ಮುಗಿಸಿ, ಮೇಲೆ ದೇವದಾರಿನ ಕಡೆಗೆ ಒಮ್ಮೆ ನೋಡಿ, ಮತ್ತೆ ನೆಲ ನೋಡಿದರು.

"ನನ್ನನ್ನ ಇಲ್ಲೇ ಹಾಕು," ಎಂದರು.

ಆಸ್ಟಿನ್ ತಬ್ಬಿಬ್ಬಾದರು. ಕ್ಲೆಮೆಂಟ್ ರುಜು ಹಾಕಿ ಕಳಿಸಿದ್ದಾನಲ್ಲ, ಮೇಲೆ ಒಣ ನೆಲ ಇದೆ, ಕಲ್ಲಿದೆ, ಮರದ ನೆರಳಿದೆ ಎಂದರು. ಇಲ್ಲಿ ನಿಮ್ಮವರ ಪಕ್ಕ ಯಾರೋ, ನಿಮ್ಮ ಪಕ್ಕ ಯಾರೋ, ಖಾತ್ರಿ ಇಲ್ಲ ಎಂದರು.

"ಕ್ಲೆಮೆಂಟ್ ದೊಡ್ಡ ಮನಸ್ಸಿನೋನು," ಎಂದರು ಮಿಸ್ ಮನ್ಲಿ. "ಆದ್ರೆ ಎಷ್ಟು ಚೆನ್ನಾಗಿ ನೋಡ್ಕೊಂಡ್ರೂ ಬೇರೆಯೋರ ಮನೇಲಿ ನನಗೆ ನಿದ್ದೆ ಬರಲ್ಲ ಕಣೋ. ಮೊದಲಿಂದ್ಲೂ ಹಾಗೇ. ಆ ಆಂಟನಿಗೆ ನಾನು ಸಾಕಷ್ಟು ಹೂವು ಇಟ್ಟಿದೀನಿ, ಇನ್ನೂ ಇಡ್ತೀನಿ, ಅವನೇನು ಮಾಡಿದಾನೆ ಪಾಪ. ಈ ಆಂಟನಿಗೆ ಇಷ್ಟು ವರ್ಷ ಒಬ್ರೂ ಒಂದು ನಮೋ ಮರಿಯಾ ಹೇಳಿಲ್ಲ. ನನ್ನ ಹೆಸರಲ್ಲಾದ್ರೂ ಒಂದು ಕಲ್ಲು ಬಂದ್ರೆ, ಅದರಲ್ಲಿ ಅವನ ಹೆಸರೂ ಹಾಕ್ಸಬಹುದು. ಸಬೀನಾದೂ, ಮೈಲ್ಸಂದೂ. ಅಪ್ಪ ತಪ್ಪು ಕಲ್ಲಿನ ಮುಂದೆ ಮಂಡಿಯೂರಿದ್ದು ಅಪ್ಪನ ತಪ್ಪಲ್ಲ. ಗೊತ್ತಾದ ಮೇಲೂ ಅಲ್ಲೇ ಹೋಗಿ ಮಲಗಿದ್ರೆ ಅದು ನನ್ನ ತಪ್ಪು."

ಈ ಇಳಿಜಾರು ಚರ್ಚಿನದು, ಯಾರ ವಂಶದ ಹಕ್ಕೂ ಇಲ್ಲಿಲ್ಲ. ಹಾಗಾಗಿ ಯಾರ ರುಜುವೂ ಬೇಕಾಗಲಿಲ್ಲ. ಈಗಿನ ಫಾದರ್ ನೈಜೀರಿಯಾದವರು. ವಿಷಯ ಕೇಳಿ, ತಮ್ಮೂರಿನಲ್ಲೂ ಮನುಷ್ಯ ತನ್ನವರ ಮಣ್ಣಿಗೇ ಹೋಗಬೇಕು ಎನ್ನುತ್ತಾರೆ ಎಂದು ಹೇಳಿ ಕೂಡಲೇ ಒಪ್ಪಿದರು. ಆಸ್ಟಿನ್ ಮತ್ತೆ ಸಲಾಕೆ ಹಿಡಿದು ಯಾರ ನಿದ್ದೆಗೂ ಭಂಗ ಬಾರದ ಹಾಗೆ ಒಬ್ಬರಿಗೆ ಆಗುವಷ್ಟು ಗಟ್ಟಿ ನೆಲ ಹುಡುಕಿದರು. ಬೇಲಿಗೆ ಅಂಟಿಕೊಂಡು ಸಿಕ್ಕಿತು. ನಾಲ್ಕು ಮೂಲೆಗೆ ನಾಲ್ಕು ಗೂಟ ಹೊಡೆದಿದ್ದಾರೆ.

ತೊಂದರೆ ಎಂದರೆ, ಅಗೆಯುವ ಯಂತ್ರ ಆ ಇಳಿಜಾರಿಗೆ ಇಳಿಯುವುದಿಲ್ಲ. ಕೈಯಲ್ಲೇ ತೋಡಬೇಕು. ಮುಂದೆ ಈ ಕೆಲಸ ವಹಿಸಿಕೊಳ್ಳುವ ಗುತ್ತಿಗೆಯವರನ್ನು ಕೇಳಿದ್ದಕ್ಕೆ, ಕೈಯಲ್ಲಿ ತೋಡುವವರು ನಮ್ಮಲ್ಲಿ ಯಾರೂ ಇಲ್ಲ ಎಂದರಂತೆ. ಆಸ್ಟಿನ್ ಈ ಕ್ರಿಸ್‌ಮಸ್‌ಗೆ ಕೆಲಸ ಬಿಡುವುದೆಂದು ಗೊತ್ತುಮಾಡಿದ್ದರು. ಸಿಸೀಲಿಯಾ ಆಗಲೇ ತಂಗಿಯ ಊರಿಗೆ ಹೋಗಿ ಒಂದು ತಿಂಗಳು ಇದ್ದು ಬರುವ ಲೆಕ್ಕ ಹಾಕಿದ್ದರು.

"ಬಿಡಲ್ಲ ಅಂತ ಫಾದರ್‌ಗೆ ಹೇಳಿ ಬಂದೆ," ಎನ್ನುತ್ತಾರೆ ಆಸ್ಟಿನ್, ಡರ್ಕಿನ್ ಕುಟುಂಬದ ಜಾಗಕ್ಕೆ ದಾರ ಕಟ್ಟುತ್ತಾ. ಬಿಸಿಲು ಏರಿದೆ, ಹುಲ್ಲಿನ ಮೇಲಿನ ಹಿಮ ಕರಗುತ್ತಿದೆ. "ಬೇರೆ ಹುಲ್ಲು ಗಿಲ್ಲು ಎಲ್ಲಾ ಬೇರೆಯೋರು ನೋಡ್ಕೊಳ್ಳಲಿ. ಅದೊಂದು ಗುಂಡಿ ನಂದು. ಸಿಸೀಲಿಯಾ ಮಾತಾಡ್ತಿಲ್ಲ ನನ್ನ ಹತ್ರ. ಮಾತಾಡ್ತಾಳೆ ಬಿಡು."

ಮಿಸ್ ಮನ್ಲಿಯವರಿಗೆ ಈಗ ಏನಾದರೂ ಕಾಯಿಲೆಯೇ ಎಂದು ಕೇಳುತ್ತೇನೆ.

"ಎಲ್ಲಿ? ಗುಂಡುಕಲ್ಲು ಇದ್ದ ಹಾಗಿದಾರೆ." ದಾರದ ಗಂಟು ಬಿಗಿದು, ಸೊಂಟ ಹಿಡಿದುಕೊಂಡು ನಿಧಾನವಾಗಿ ಎದ್ದು ನಿಲ್ಲುತ್ತಾರೆ. "ನಾನೇ ಹೇಳಿದೆ, ಅವಸರ ಏನಿಲ್ಲ ಮಿಸ್ ಮನ್ಲಿ, ನಿಮಗೆ ಯಾವಾಗ ಆಗುತ್ತೋ ಆವಾಗ ಬನ್ನಿ, ನಾನು ಇರ್ತೀನಿ ಅಂತ. ಅವರು ನನ್ನ ಮುಖ ನೋಡಿದ್ರು. 'ಮುತ್ತಜ್ಜ ಇಷ್ಟು ವರ್ಷ ಕಾದಿದಾನೆ, ಇನ್ನೊಂದೆರಡು ಚಳಿಗಾಲ ಕಾಯ್ತಾನೆ. ನೀನು ಮಾತ್ರ ನನಗಿಂತ ಮೊದಲು ಹೋಗ್ಬೇಡ ಕಣೋ' ಅಂದ್ರು. ಹೋಗಲ್ಲ ಅಂತ ಮಾತು ಕೊಟ್ಟಿದೀನಿ."